ಸ್ಟ್ರೋಕ್ ಆದವರು ಎಷ್ಟು ಸುಧಾರಿಸುತ್ತಾರೆ? ಮನೆಯವರು ಅಂದಾಜು ಮಾಡಿಕೊಳ್ಳುವುದು ಹೇಗೆ

ವಾರ್ಡಿನ ಬಾಗಿಲು ತೆಗೆದು ನಾನು ಹೊರಗೆ ಬಂದ ಕೂಡಲೇ ಮನೆಯವರು ಎದ್ದು ಬಂದು ಕೇಳುವುದು ಒಂದೇ ಮಾತು. "ಸಾರ್, ಅಪ್ಪ ಮೊದಲಿನ ಥರ ಆಗ್ತಾರಾ?"

ನಾನು ಫಿಸಿಯೋಥೆರಪಿಸ್ಟ್. ಬೆಳಗ್ಗೆ ಆಸ್ಪತ್ರೆ, ಸಂಜೆ ಶ್ರೀನಗರ, ಹನುಮಂತನಗರ, ಕತ್ರಿಗುಪ್ಪೆ ಕಡೆ ಮನೆ ಮನೆಗೆ ಹೋಗಿ ವ್ಯಾಯಾಮ ಮಾಡಿಸುತ್ತೇನೆ. ಈ ಪ್ರಶ್ನೆಗೆ ಬಹಳ ಜನಕ್ಕೆ ಸಿಗುವ ಉತ್ತರ "ಈಗಲೇ ಹೇಳೋಕಾಗಲ್ಲ, ಕಾದು ನೋಡಿ". ಅಷ್ಟೇ ಹೇಳಿ ಕಳಿಸಿದರೆ ಸಾಲದು ಅಂತ ನನಗೆ ಅನ್ನಿಸುತ್ತದೆ. ಯಾಕೆಂದರೆ ಅದೇ ವಾರದಲ್ಲಿ ಅವರು ತೀರ್ಮಾನ ಮಾಡಬೇಕಾದ್ದು ಬೇಕಾದಷ್ಟು ಇರುತ್ತದೆ. ಎರಡನೇ ಮಹಡಿಯ ಬಾಡಿಗೆ ಮನೆ, ಲಿಫ್ಟ್ ಇಲ್ಲ, ಮನೆ ಬದಲಾಯಿಸಬೇಕಾ? ಮಗಳು ಎಷ್ಟು ದಿನ ರಜೆ ಹಾಕಬೇಕು? ಅಂಗಡಿಯನ್ನು ಯಾರಿಗಾದರೂ ವಹಿಸಬೇಕಾ, ಇಲ್ಲ ಎರಡು ತಿಂಗಳು ಹೇಗೋ ತಳ್ಳಬಹುದಾ? ಇವಕ್ಕೆಲ್ಲ ಒಂದು ಅಂದಾಜು ಬೇಕೇ ಬೇಕು ಅಲ್ವಾ.

ಅಂದಾಜು ಮಾಡಬಹುದು. ನೂರಕ್ಕೆ ನೂರು ಸರಿ ಬರುವುದಿಲ್ಲ. ಆದರೆ ಸರಿಯಾದ ದಿನ ಸರಿಯಾದ್ದನ್ನು ನೋಡಿದರೆ ಸಾಕಷ್ಟು ಹತ್ತಿರ ಬರುತ್ತದೆ. ಮೊದಲು ಒಂದು ಇನ್ನೂರು ಪುಟದ ನೋಟ್‌ಬುಕ್ ತಂದು ಆಸ್ಪತ್ರೆಯ ಚೀಲದಲ್ಲಿ ಇಟ್ಟುಕೊಳ್ಳಿ. ಪುಟದ ಮೇಲೆ ತಾರೀಕಿನ ಜೊತೆಗೆ "ಸ್ಟ್ರೋಕ್ ಆಗಿ ಎಷ್ಟನೇ ದಿನ" ಅಂತಲೂ ಬರೆಯಿರಿ. ಮುಂದೆ ಹೇಳುವುದೆಲ್ಲ ಆ ದಿನದ ಲೆಕ್ಕದ ಮೇಲೆಯೇ ನಿಂತಿದೆ.

ಪ್ರಶ್ನೆಯನ್ನು ಬಿಡಿಸಿ ಕೇಳಿ

"ಮೊದಲಿನ ಥರ ಆಗ್ತಾರಾ" ಅನ್ನುವುದಕ್ಕೆ ಯಾರೂ ಉತ್ತರ ಕೊಡಲಾರರು. ಅದರೊಳಗೆ ಐದಾರು ಪ್ರಶ್ನೆ ಸೇರಿಕೊಂಡಿವೆ. ನಡೆಯುತ್ತಾರಾ? ಕೈಯಲ್ಲಿ ಕಲಸಿ ತಿನ್ನುತ್ತಾರಾ? ನುಂಗುತ್ತಾರಾ? ಮಾತು ಬರುತ್ತದಾ? ಒಬ್ಬರೇ ಬಚ್ಚಲಿಗೆ ಹೋಗಿ ಬರುತ್ತಾರಾ? ಇವೆಲ್ಲ ಒಂದೇ ಸಮ ವಾಪಸ್ ಬರುವುದಿಲ್ಲ. ಕಾಲು ಚೆನ್ನಾಗಿ ಬಂದು ಕೈ ಬರದೇ ಉಳಿದವರನ್ನು ವಾರಕ್ಕೆ ಎಷ್ಟೋ ಸಲ ನೋಡುತ್ತೇನೆ. ಮೈಯೆಲ್ಲ ಸರಿಹೋಗಿ ಮಾತು ಮಾತ್ರ ತಡವಾದವರೂ ಇದ್ದಾರೆ. ಅದಕ್ಕೇ ನೋಟ್‌ಬುಕ್ಕಿನಲ್ಲಿ ಕೈ, ಕಾಲು, ನುಂಗುವುದು, ಮಾತು, ಮೂತ್ರ, ಮನಸ್ಸು ಅಂತ ಬೇರೆ ಬೇರೆ ಪುಟ ಇರಲಿ. ಡಾಕ್ಟರ್ ರೌಂಡ್ಸ್‌ಗೆ ಬಂದಾಗಲೂ ಹಾಗೇ ಬಿಡಿಬಿಡಿಯಾಗಿ ಕೇಳಿ. ಆಗ ಉತ್ತರವೂ ಬಿಡಿಬಿಡಿಯಾಗಿ ಬರುತ್ತದೆ.

ಮೊದಲ ದಿನ ಕೇಳಿ ಬರೆದುಕೊಳ್ಳಬೇಕಾದ್ದು

ಮೊದಲನೆಯದು, ಇದು ರಕ್ತನಾಳ ಕಟ್ಟಿಕೊಂಡು ಆದ ಸ್ಟ್ರೋಕಾ, ಒಡೆದು ರಕ್ತ ಸುರಿದು ಆದದ್ದಾ? ಸಿಟಿ ಸ್ಕ್ಯಾನ್ ಆದ ಕೂಡಲೇ ಅವರಿಗೆ ಗೊತ್ತಿರುತ್ತದೆ. ಎರಡರ ದಾರಿಯೂ ಬೇರೆ. ರಕ್ತ ಸುರಿದದ್ದರ ಬಗ್ಗೆ ಆಮೇಲೆ ಹೇಳುತ್ತೇನೆ.

ಎರಡನೆಯದು, ಎನ್‌ಐಎಚ್‌ಎಸ್‌ಎಸ್ ಸ್ಕೋರ್ ಎಷ್ಟು? ಪ್ರಜ್ಞೆ, ಕಣ್ಣಿನ ಚಲನೆ, ಮುಖ, ಕೈಕಾಲು, ಮಾತು ಎಲ್ಲ ಪರೀಕ್ಷೆ ಮಾಡಿ ಕೊಡುವ ಅಂಕ ಇದು, 0 ಯಿಂದ 42ರ ತನಕ. ಅಂಕ ಜಾಸ್ತಿ ಆದಷ್ಟೂ ಪೆಟ್ಟು ಜಾಸ್ತಿ. ಸ್ಥೂಲವಾಗಿ ಹೇಳುವುದಾದರೆ 6ಕ್ಕಿಂತ ಕಡಿಮೆ ಇದ್ದವರಲ್ಲಿ ಹೆಚ್ಚಿನವರು ಚೆನ್ನಾಗಿ ಚೇತರಿಸಿಕೊಳ್ಳುತ್ತಾರೆ, 16 ದಾಟಿದರೆ ಸಾವು ಅಥವಾ ದೊಡ್ಡ ಅಂಗವೈಕಲ್ಯದ ಭಯ ಬಹಳ. ದಾಖಲಾದಾಗಿನ ಅಂಕಕ್ಕಿಂತ 24 ಗಂಟೆ ಕಳೆದ ಮೇಲಿನ ಅಂಕ ಹೆಚ್ಚು ನಂಬಿಕೆಗೆ ಅರ್ಹ. ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟಿದ್ದರೆ, ಅಥವಾ ತೊಡೆಯ ಹತ್ತಿರದಿಂದ ಟ್ಯೂಬ್ ಹಾಕಿ ಹೆಪ್ಪು ತೆಗೆದಿದ್ದರೆ, ಮೊದಲಿನ ಅಂಕಕ್ಕೂ ಮರುದಿನದ ಅಂಕಕ್ಕೂ ಅಜಗಜಾಂತರ ಇರಬಹುದು. ಎರಡನ್ನೂ ಬರೆದುಕೊಳ್ಳಿ.

ಆ ಇಂಜೆಕ್ಷನ್‌ಗೆ ಸಮಯ ನಾಲ್ಕೂವರೆ ಗಂಟೆ. ಹೆಪ್ಪು ತೆಗೆಯುವುದಕ್ಕೆ ಸಾಮಾನ್ಯವಾಗಿ 6 ಗಂಟೆ, ಸ್ಕ್ಯಾನ್‌ನಲ್ಲಿ ಉಳಿಸಬಹುದಾದ ಮೆದುಳು ಇನ್ನೂ ಇದೆ ಅಂತ ಕಂಡ ಕೆಲವರಿಗೆ 24 ಗಂಟೆಯ ತನಕ. ಒಂದು ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶ ಸಾಯುತ್ತವೆ ಅಂತ 2006ರಲ್ಲಿ ಲೆಕ್ಕ ಹಾಕಿದ್ದಾರೆ. ಬೆಂಗಳೂರಿನ ಟ್ರಾಫಿಕ್‌ನಲ್ಲಿ ಇದು ಏನು ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ. ಬಾಯಿ ಸೊಟ್ಟಗಾಯಿತು, ಕೈ ಸೋತಿತು, ಮಾತು ತೊದಲಿತು ಅಂದರೆ ಬಿಪಿ ನೋಡಿಸಲು ಹತ್ತಿರದ ಕ್ಲಿನಿಕ್ಕಿಗೆ ಹೋಗಬೇಡಿ. 108ಕ್ಕೆ ಫೋನ್ ಮಾಡಿ, ಸಿಟಿ ಸ್ಕ್ಯಾನ್ ಮತ್ತು ಆ ಇಂಜೆಕ್ಷನ್ ಇರುವ ಆಸ್ಪತ್ರೆಗೇ ನೇರವಾಗಿ ಹೋಗಿ. ಮುಂದಿನ ಎಲ್ಲ ಅಂದಾಜುಗಳಿಗಿಂತ ಆ ಒಂದು ಗಂಟೆ ದೊಡ್ಡದು.

ಮೂರನೆಯದು ನೀವೇ ಬರೆಯಬೇಕಾದ್ದು. ಸ್ಟ್ರೋಕ್‌ಗೆ ಮುಂಚಿನ ವಾರ ಅವರು ಹೇಗಿದ್ದರು? ತಾವೇ ಹಾಲು ತರಲು ಹೋಗುತ್ತಿದ್ದರಾ, ಮೊದಲೇ ಕೋಲು ಹಿಡಿದಿದ್ದರಾ, ಮರೆವು ಇತ್ತಾ, ಸಕ್ಕರೆ ಕಾಯಿಲೆ ಎಷ್ಟು ವರ್ಷದಿಂದ, ವಯಸ್ಸು ಎಷ್ಟು. ಮುಂಚೆ ಚುರುಕಾಗಿದ್ದವರ ಅಂದಾಜೇ ಬೇರೆ. ಇದನ್ನು ಕೇಳುವಷ್ಟು ಸಮಯ ಡಾಕ್ಟರಿಗೆ ಇಲ್ಲದೇ ಇರಬಹುದು. ನೀವೇ ಮುಂದಾಗಿ ಹೇಳಿ.

ಮೂರನೇ ದಿನ: ಕೈ

ಕೈ ವಿಷಯದಲ್ಲಿ ಮೂರನೇ ದಿನವೇ ದೊಡ್ಡ ಸುಳಿವು ಸಿಗುತ್ತದೆ. ನೋಡಬೇಕಾದ್ದು ಎರಡೇ ಚಲನೆ. ಒಂದು, ತೋಳನ್ನು ಪಕ್ಕಕ್ಕೆ ಎತ್ತುವುದು, ಅಂದರೆ ಕಂಕುಳು ಬಿಡಿಸುವುದು. ಇನ್ನೊಂದು, ಮಡಚಿದ ಬೆರಳುಗಳನ್ನು ಬಿಡಿಸುವುದು. ಬಹಳ ಜನ ಬೆರಳು ಮುಚ್ಚುವುದನ್ನು ನೋಡಿ ಖುಷಿಪಡುತ್ತಾರೆ. "ನೋಡಿ ಸಾರ್, ನನ್ನ ಕೈ ಗಟ್ಟಿಯಾಗಿ ಹಿಡ್ಕೊಂಡ್ರು" ಅಂತ. ಹಿಡಿಯುವುದು ಎಷ್ಟೋ ಸಲ ತಾನಾಗಿ ಆಗುವ ಬಿಗಿತ. ಬಿಡಿಸುವುದು ಮೆದುಳಿನಿಂದ ಕೈಗೆ ಬರುವ ದಾರಿ ಇನ್ನೂ ಉಳಿದಿದೆ ಅನ್ನುವುದರ ಗುರುತು. ಅದನ್ನೇ ನೋಡಿ.

ನಾನು ನೋಡುವ ರೀತಿ ಹೀಗೆ. ಮುಂಗೈಯನ್ನು ದಿಂಬಿನ ಮೇಲೆ ಅಂಗೈ ಕೆಳಗಾಗಿ ಇಟ್ಟು, ಬೆರಳುಗಳು ದಿಂಬಿನ ಅಂಚಿನಿಂದ ಆಚೆ ಜೋಲುವ ಹಾಗೆ ಬಿಡುತ್ತೇನೆ. ಮಣಿಕಟ್ಟನ್ನು ನನ್ನ ಕೈಯಲ್ಲಿ ಆನಿಸಿಕೊಂಡು "ಅಮ್ಮಾ, ಬೆರಳು ಮೇಲಕ್ಕೆ ಎತ್ತಿ ನೋಡೋಣ" ಅನ್ನುತ್ತೇನೆ. ಆಮೇಲೆ ಸುಮ್ಮನೆ ಕಾಯುತ್ತೇನೆ. ಹತ್ತು ಸೆಕೆಂಡು ಬಹಳ ಉದ್ದ ಅನ್ನಿಸುತ್ತದೆ. ಕೆಲವರಲ್ಲಿ ಏನೂ ಆಗುವುದಿಲ್ಲ. ಕೆಲವರಲ್ಲಿ ಮುಂಗೈ ಮೇಲೆ ಒಂದು ನರ ಎಳೆದ ಹಾಗೆ ಸಣ್ಣ ಅಲುಗಾಟ. ಕೆಲವರಲ್ಲಿ ತೋರುಬೆರಳು ಒಂದು ಅಕ್ಕಿಕಾಳಿನಷ್ಟು ಮೇಲೆದ್ದು ಕೆಳಗೆ ಬೀಳುತ್ತದೆ. ಆ ಅಕ್ಕಿಕಾಳಿನಷ್ಟು ಅಂತರಕ್ಕೆ ಬಹಳ ಬೆಲೆ ಇದೆ.

ಎಷ್ಟು ಬೆಲೆ? ನೆದರ್ಲ್ಯಾಂಡ್ಸ್‌ನಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೊದಲ 72 ಗಂಟೆಯೊಳಗೆ ಸ್ವಲ್ಪವಾದರೂ ಬೆರಳು ಬಿಡಿಸಿ, ತೋಳನ್ನೂ ಪಕ್ಕಕ್ಕೆ ಎತ್ತಿದವರಿಗೆ ಆರು ತಿಂಗಳ ಹೊತ್ತಿಗೆ ಕೈ ಒಂದಷ್ಟು ಕೆಲಸಕ್ಕೆ ಬರುವ ಸಾಧ್ಯತೆ ನೂರಕ್ಕೆ 98 ಇತ್ತು. ಎರಡೂ ಇಲ್ಲದವರಿಗೆ ನೂರಕ್ಕೆ 25. ಒಂಬತ್ತನೇ ದಿನಕ್ಕೂ ಎರಡೂ ಬರದೇ ಇದ್ದರೆ 14. ಇದು ಕಟ್ಟಿಕೊಂಡು ಆದ ಮೊದಲ ಸ್ಟ್ರೋಕ್‌ನವರ ಲೆಕ್ಕ ಅನ್ನುವುದು ನೆನಪಿರಲಿ. ಇನ್ನೊಂದು ಮಾತೂ ಇದೆ. "ಒಂದಷ್ಟು ಕೆಲಸಕ್ಕೆ ಬರುವುದು" ಅಂದರೆ ಮೊದಲಿನ ಹಾಗೆ ಅಂತಲ್ಲ. ಲೋಟ ಹಿಡಿಯಬಹುದು, ಶರ್ಟಿನ ಗುಂಡಿ ಕಷ್ಟ ಆಗಬಹುದು.

ಇನ್ನೂ ಸ್ವಲ್ಪ ನಿಖರವಾಗಿ ಬೇಕಾದರೆ ನ್ಯೂಜಿಲೆಂಡಿನ ಆಕ್ಲೆಂಡ್‌ನವರು ಮಾಡಿದ ಪ್ರೆಪ್2 ಅನ್ನುವ ಕ್ರಮ ಇದೆ, 2017ರದು. ಮೂರನೇ ದಿನ ತೋಳಿಗೆ 0 ಯಿಂದ 5, ಬೆರಳಿಗೆ 0 ಯಿಂದ 5 ಅಂಕ ಕೊಟ್ಟು ಕೂಡುತ್ತಾರೆ. ಏನೂ ಇಲ್ಲದಿದ್ದರೆ 0, ಬರೀ ಅಲುಗಾಟ 1, ಭಾರ ತಾಗದಂತೆ ಆನಿಸಿ ಹಿಡಿದರೆ ಚಲಿಸಿದರೆ 2, ಭೂಮಿಯ ಸೆಳೆತದ ವಿರುದ್ಧ ಎತ್ತಿದರೆ 3, ನಾವು ಒತ್ತಿದರೂ ಸ್ವಲ್ಪ ತಡೆದರೆ 4, ಪೂರ್ತಿ ಶಕ್ತಿ 5. ಮೊತ್ತ 5 ಅಥವಾ ಜಾಸ್ತಿ, ವಯಸ್ಸು 80ಕ್ಕಿಂತ ಕಡಿಮೆ ಅಂದರೆ ಮೂರು ತಿಂಗಳಿಗೆ ಕೈ ಹೆಚ್ಚುಕಡಿಮೆ ಪೂರ್ತಿ ಬರುವ ನಿರೀಕ್ಷೆ ಇಟ್ಟುಕೊಳ್ಳಬಹುದು. 80 ದಾಟಿದವರಿಗೆ ಅದೇ ನಿರೀಕ್ಷೆಗೆ ಮೊತ್ತ 8 ಬೇಕು. 5ಕ್ಕಿಂತ ಕಡಿಮೆ ಇದ್ದರೆ ತಲೆಯ ಹತ್ತಿರ ಕಾಂತದ ಕಾಯಿಲ್ ಹಿಡಿದು ಮೆದುಳಿನಿಂದ ಕೈಗೆ ಸಂಕೇತ ಬರುತ್ತದಾ ಅಂತ ನೋಡುವ ಟಿಎಂಎಸ್ ಪರೀಕ್ಷೆ ಬೇಕಾಗುತ್ತದೆ. ಅದು ಎಲ್ಲ ಆಸ್ಪತ್ರೆಯಲ್ಲೂ ಸಿಗುವುದಿಲ್ಲ. ಸಂಕೇತ ಬಂದರೆ ಕೈ ಎತ್ತಲಾಗದಿದ್ದರೂ ಆಸೆ ಇದೆ. ಈ ಕ್ರಮ ಸುಮಾರು ನಾಲ್ಕರಲ್ಲಿ ಮೂವರಿಗೆ ಸರಿಯಾಗಿ ಹೇಳಿತು. ಅಂದರೆ ನಾಲ್ಕರಲ್ಲಿ ಒಬ್ಬರಿಗೆ ತಪ್ಪಿತು.

ಆ ಒಬ್ಬರನ್ನು ನಾನು ಕಣ್ಣಾರೆ ನೋಡಿದ್ದೇನೆ. ಎಂಟು ವರ್ಷದ ಹಿಂದೆ ಅರವತ್ತರ ಆಸುಪಾಸಿನ ಒಬ್ಬ ಅಮ್ಮನನ್ನು ಎರಡನೇ ದಿನ ಪರೀಕ್ಷೆ ಮಾಡಿದೆ. ಕೈ ಪೂರ್ತಿ ಸೊನ್ನೆ. ಕೂಗಿದರೆ ಕಣ್ಣು ಬಿಟ್ಟು ಮತ್ತೆ ಮುಚ್ಚುತ್ತಿದ್ದರು. ನಾನು ಅವರ ಮಗನಿಗೆ "ಕೈ ಬರೋದು ಕಷ್ಟ ಅನ್ಸುತ್ತೆ" ಅಂದುಬಿಟ್ಟೆ. ಆತ ಹೊರಗೆ ಹೋಗಿ ಗೋಡೆಗೆ ಒರಗಿ ಅತ್ತ. ನಾಲ್ಕನೇ ದಿನ ಹೋದರೆ, ಮಗಳು ಚಮಚದಲ್ಲಿ ರಾಗಿ ಗಂಜಿ ಕೊಡುತ್ತಿದ್ದಳು. ಆ ಅಮ್ಮ ಸಾಕು ಅಂತ ಚಮಚವನ್ನು ದೂಡಿದರು, ಅದೂ ಸೋತಿದ್ದ ಬಲಗೈಯಿಂದ, ಬೆರಳು ಬಿಡಿಸಿ. ಆಗಿದ್ದಿಷ್ಟೇ. ಎರಡನೇ ದಿನ ಅವರ ರಕ್ತದಲ್ಲಿ ಸೋಡಿಯಂ ಬಹಳ ಇಳಿದಿತ್ತು, ಅದಕ್ಕೇ ಆ ಮಂಪರು. ಅದು ಸರಿಯಾದ ಮೇಲೆ ಕೈ ತನ್ನ ನಿಜ ತೋರಿಸಿತು. ಮೂರು ತಿಂಗಳ ಹೊತ್ತಿಗೆ ಅವರು ಕುಳಿತು ಹೂ ಕಟ್ಟುತ್ತಿದ್ದರು. ಕೇಸ್ ಶೀಟಿನಲ್ಲಿ ಸೋಡಿಯಂ ರಿಪೋರ್ಟ್ ಇತ್ತು. ನಾನು ನೋಡಿರಲಿಲ್ಲ. ತಪ್ಪು ನನ್ನದು, ಆ ಮಗ ಎರಡು ರಾತ್ರಿ ಸುಮ್ಮನೆ ನೊಂದ.

ಅದಕ್ಕೇ ಯಾವ ಪರೀಕ್ಷೆಯನ್ನಾದರೂ ನಂಬುವ ಮುಂಚೆ ಇಷ್ಟು ಕೇಳಿ. ಪೂರ್ತಿ ಎಚ್ಚರ ಇದ್ದರಾ? ಜ್ವರ ಇದೆಯಾ, ಮೂತ್ರದ ಸೋಂಕು ಇದೆಯಾ, ಸೋಡಿಯಂ, ಸಕ್ಕರೆ ಸರಿ ಇದೆಯಾ? ನಿದ್ದೆಯ ಔಷಧಿ ಕೊಟ್ಟಿದ್ದಾರಾ? ಹೇಳಿದ್ದು ಅವರಿಗೆ ಅರ್ಥ ಆಯಿತಾ? ಇವುಗಳಲ್ಲಿ ಒಂದು ಕೈಕೊಟ್ಟರೂ ಆ ದಿನದ ಸೊನ್ನೆ ಸೊನ್ನೆಯೇ ಅಲ್ಲ. ಎರಡು ದಿನ ಬಿಟ್ಟು ಇನ್ನೊಮ್ಮೆ ನೋಡಿ.

ಕಾಲು, ಮತ್ತೆ ಕೂರುವುದು

ಕಾಲಿನ ಕಥೆ ಕೈಗಿಂತ ಸಮಾಧಾನದ್ದು. ಅದೇ ಡಚ್ ತಂಡ 2011ರಲ್ಲಿ ತೋರಿಸಿದ್ದು ಇದು. ಮೊದಲ 72 ಗಂಟೆಯೊಳಗೆ ಆಸರೆ ಇಲ್ಲದೇ 30 ಸೆಕೆಂಡು ಕೂರಬಲ್ಲರಾ, ಸೋತ ಕಾಲಿನಲ್ಲಿ ಸ್ವಲ್ಪವಾದರೂ ಸ್ನಾಯು ಬಿಗಿಯಾಗುತ್ತದಾ? ಎರಡೂ ಇದ್ದರೆ ಆರು ತಿಂಗಳಲ್ಲಿ ಯಾರ ಆಸರೆಯೂ ಇಲ್ಲದೇ ನಡೆಯುವ ಸಾಧ್ಯತೆ ನೂರಕ್ಕೆ 98. ಎರಡೂ ಇಲ್ಲದಿದ್ದರೆ 27, ಒಂಬತ್ತನೇ ದಿನಕ್ಕೂ ಇಲ್ಲದಿದ್ದರೆ 10.

ಜನ ಕಾಲನ್ನು ಮಾತ್ರ ನೋಡುತ್ತಾರೆ, ನಾನು ಸೊಂಟ ನೋಡುತ್ತೇನೆ. ಮಂಚದ ಅಂಚಿನಲ್ಲಿ ಕೂರಿಸಿದಾಗ ಸೋತ ಕಡೆಗೆ ವಾಲಿ ಬೀಳುತ್ತಾರಾ, ಇಲ್ಲ ವಾಲಿ ಮತ್ತೆ ತಾವೇ ನೆಟ್ಟಗಾಗುತ್ತಾರಾ? ಮಗ್ಗುಲು ಬದಲಾಯಿಸಲು ಬರುತ್ತದಾ? ಒಂದು ವಾರದ ಹೊತ್ತಿಗೆ ಮೈ ಹಿಡಿತಕ್ಕೆ ಬಂದವರು ಬೇಗ ನಡೆಯುತ್ತಾರೆ. ಮೈ ಹಿಡಿತ ಇಲ್ಲದಿದ್ದರೂ ಸೊಂಟವನ್ನು ಹಿಂದಕ್ಕೆ ಒತ್ತುವ ಶಕ್ತಿ ಇದ್ದರೆ ತಡವಾಗಿಯಾದರೂ ನಡೆಯುವ ಆಸೆ ಇಟ್ಟುಕೊಳ್ಳಬಹುದು.

ಆದರೆ ಪರೀಕ್ಷೆ ಮಾಡುವ ಆತುರದಲ್ಲಿ ನೀವೇ ಎಬ್ಬಿಸಿ ಕೂರಿಸಬೇಡಿ. ಡಾಕ್ಟರ್ ಅನುಮತಿ ಬೇಕು, ಹಿಡಿಯಲು ಇಬ್ಬರು ಬೇಕು. ಬೇಗ ಎಬ್ಬಿಸಿದಷ್ಟೂ ಒಳ್ಳೆಯದು ಅಂತ ಒಂದು ಕಾಲದಲ್ಲಿ ನಾವೂ ಅಂದುಕೊಂಡಿದ್ದೆವು. 2015ರಲ್ಲಿ ಬಂದ ಎವರ್ಟ್ ಅನ್ನುವ ದೊಡ್ಡ ಅಧ್ಯಯನದಲ್ಲಿ ಎರಡು ಸಾವಿರಕ್ಕೂ ಹೆಚ್ಚು ರೋಗಿಗಳಿದ್ದರು. ಮೊದಲ 24 ಗಂಟೆಯೊಳಗೇ ಪದೇ ಪದೇ, ಜಾಸ್ತಿ ಹೊತ್ತು ಎಬ್ಬಿಸಿದವರಲ್ಲಿ ಮೂರು ತಿಂಗಳ ಫಲಿತಾಂಶ ಕಡಿಮೆಯೇ ಆಯಿತು. ಒಂದು ದಿನ ಕಳೆಯಲಿ. ಆಮೇಲೆ ಸ್ವಲ್ಪ ಸ್ವಲ್ಪ.

ನುಂಗುವುದು, ಮೂತ್ರ, ಎಡಗಡೆಯ ಪಲ್ಯ

ಈ ಮೂರನ್ನು ಯಾರೂ ಸುಧಾರಣೆಯ ಲೆಕ್ಕಕ್ಕೆ ತೆಗೆದುಕೊಳ್ಳುವುದೇ ಇಲ್ಲ. ತೆಗೆದುಕೊಳ್ಳಬೇಕು.

ನುಂಗುವ ಪರೀಕ್ಷೆ ಆಗುವ ತನಕ ಒಂದು ಚಮಚ ನೀರೂ ಬೇಡ, ತೀರ್ಥವೂ ಬೇಡ, ಎಳನೀರೂ ಬೇಡ. ಕುಡಿದ ಮೇಲೆ ಕೆಮ್ಮು, ಗಂಟಲಲ್ಲಿ ಗೊರಗೊರ ಸದ್ದು, ನೀರು ತುಂಬಿದ ಹಾಗೆ ದನಿ, ಇವು ನೀರು ಶ್ವಾಸಕೋಶಕ್ಕೆ ಹೋಗುತ್ತಿರುವ ಗುರುತು. ಅಲ್ಲಿಂದ ಬರುವ ನ್ಯುಮೋನಿಯಾ ಒಳ್ಳೆಯ ಅಂದಾಜನ್ನೂ ಕೆಡಿಸಿಬಿಡುತ್ತದೆ. ಮೂಗಿನ ಟ್ಯೂಬ್ ಹಾಕಿದರು ಅಂತ ಹೆದರಬೇಡಿ. ಹೆಚ್ಚಿನವರಲ್ಲಿ ನುಂಗುವ ಶಕ್ತಿ ಕೆಲವು ವಾರದಲ್ಲಿ ವಾಪಸ್ ಬರುತ್ತದೆ.

ಮೊದಲ ವಾರ ಮೂತ್ರದ ಹಿಡಿತ ತಪ್ಪಿದ್ದರೆ ಅದು ಪೆಟ್ಟು ದೊಡ್ಡದು ಅನ್ನುವ ಸೂಚನೆ. ಕ್ಯಾಥೆಟರ್ ತೆಗೆದ ಮೇಲೆ ತಾವೇ "ಬಾತ್‌ರೂಮ್" ಅಂತ ಕೇಳಿದ ದಿನವನ್ನು ನೋಟ್‌ಬುಕ್ಕಿನಲ್ಲಿ ಬರೆಯಿರಿ. ನನ್ನ ಅನುಭವದಲ್ಲಿ ಮನೆಯ ಭಾರ ಅರ್ಧ ಇಳಿಯುವುದು ಆ ದಿನ.

ಮತ್ತೆ ತಟ್ಟೆ ನೋಡಿ. ಬಲ ಮೆದುಳಿಗೆ ಪೆಟ್ಟು ಬಿದ್ದವರಲ್ಲಿ ಕೆಲವರಿಗೆ ಎಡಗಡೆ ಅನ್ನುವುದೇ ಇಲ್ಲವಾಗುತ್ತದೆ. ಕಣ್ಣು ಚೆನ್ನಾಗಿರುತ್ತದೆ, ಗಮನ ಹೋಗುವುದಿಲ್ಲ. ತಟ್ಟೆಯ ಬಲ ಅರ್ಧದ ಅನ್ನ ಸಾರು ಖಾಲಿ, ಎಡಗಡೆಯ ಹುರುಳಿಕಾಯಿ ಪಲ್ಯ ಹಾಗೇ ಇರುತ್ತದೆ, "ಪಲ್ಯ ಹಾಕಲೇ ಇಲ್ಲವಲ್ಲ" ಅನ್ನುತ್ತಾರೆ. ಗಡ್ಡ ಒಂದೇ ಕಡೆ ಮಾಡಿಕೊಳ್ಳುತ್ತಾರೆ. ಇವರ ಕೈಕಾಲಿನ ಶಕ್ತಿ ನೋಡಿ ಬೇಗ ಓಡಾಡುತ್ತಾರೆ ಅಂತ ಲೆಕ್ಕ ಹಾಕಿದರೆ ತಪ್ಪುತ್ತದೆ. ಬಾಗಿಲಿನ ಎಡ ಚೌಕಟ್ಟಿಗೆ ಹೊಡೆದುಕೊಳ್ಳುತ್ತಾರೆ, ಬೀಳುತ್ತಾರೆ. ಒಬ್ಬರೇ ಓಡಾಡಲು ಹೆಚ್ಚು ಸಮಯ ಹಿಡಿಯುತ್ತದೆ.

ಮಾತು

ಮೊದಲು ಎರಡನ್ನು ಬೇರೆ ಮಾಡಿ. ನಾಲಿಗೆ ತೊದಲುವುದು ಬೇರೆ, ಪದವೇ ಸಿಗದಿರುವುದು ಬೇರೆ. ತೊದಲು ಸಾಮಾನ್ಯವಾಗಿ ಬೇಗ ಸುಧಾರಿಸುತ್ತದೆ. ಪದ ಸಿಗದಿರುವುದು, ಅಂದರೆ ಅಫೇಸಿಯಾ, ಎಡ ಮೆದುಳಿನ ಸ್ಟ್ರೋಕ್‌ನಲ್ಲಿ ಬಲಗೈ ಸೋಲುವುದರ ಜೊತೆ ಬರುತ್ತದೆ. ಇದರಲ್ಲಿ ಮುಂದಿನ ದಾರಿ ಹೇಳುವುದು ಮೊದಲ ವಾರಗಳಲ್ಲಿ ಎಷ್ಟು ತೀವ್ರ ಇದೆ ಅನ್ನುವುದು, ಅದರಲ್ಲೂ ನಾವು ಹೇಳಿದ್ದು ಎಷ್ಟು ಅರ್ಥ ಆಗುತ್ತದೆ ಅನ್ನುವುದು. ಕೈಸನ್ನೆ ಮಾಡದೇ ಬಾಯಲ್ಲಿ ಮಾತ್ರ "ಕಣ್ಣು ಮುಚ್ಚಿ" ಅನ್ನಿ. ಮುಚ್ಚಿದರೆ ಒಳ್ಳೆಯ ಲಕ್ಷಣ.

ಬೆಂಗಳೂರಿನಲ್ಲಿ ಇದಕ್ಕೆ ಇನ್ನೊಂದು ತಿರುವು. ಮನೆಯಲ್ಲಿ ತೆಲುಗೋ ತಮಿಳೋ ಉರ್ದುವೋ ತುಳುವೋ, ಬೀದಿಯಲ್ಲಿ ಕನ್ನಡ, ಆಫೀಸಿನಲ್ಲಿ ಇಂಗ್ಲಿಷ್. ಪರೀಕ್ಷೆ ಒಂದೇ ಭಾಷೆಯಲ್ಲಿ ಆದರೆ ಫಲಿತಾಂಶ ಅರ್ಧ ಸುಳ್ಳು. ತಾಯಿ ಅವರ ಜೊತೆ ಯಾವ ಭಾಷೆಯಲ್ಲಿ ಮಾತಾಡುತ್ತಿದ್ದರೋ ಅದರಲ್ಲೂ ಕೇಳಿ. ಈಗ ನಿಮ್ಹಾನ್ಸ್‌ನಲ್ಲಿ ನರರೋಗ ಪ್ರಾಧ್ಯಾಪಕಿ ಆಗಿರುವ ಡಾ. ಸುವರ್ಣಾ ಅಲ್ಲಾಡಿ ಮತ್ತು ಅವರ ತಂಡ ಹೈದರಾಬಾದಿನಲ್ಲಿ 608 ಸ್ಟ್ರೋಕ್ ರೋಗಿಗಳನ್ನು ನೋಡಿ 2016ರಲ್ಲಿ ಪ್ರಕಟಿಸಿದ ಅಧ್ಯಯನ ನನಗೆ ಬಹಳ ಇಷ್ಟ. ಒಂದಕ್ಕಿಂತ ಹೆಚ್ಚು ಭಾಷೆ ಆಡುವವರಲ್ಲಿ ಸ್ಟ್ರೋಕ್ ನಂತರ ಯೋಚನಾಶಕ್ತಿ ಸಹಜವಾಗಿ ಉಳಿದವರು ನೂರಕ್ಕೆ ಸುಮಾರು 40, ಒಂದೇ ಭಾಷೆಯವರಲ್ಲಿ ಸುಮಾರು 20. ಅಫೇಸಿಯಾ ಬರುವುದರಲ್ಲಿ ಮಾತ್ರ ವ್ಯತ್ಯಾಸ ಇರಲಿಲ್ಲ. ಮಾತಿನ ಥೆರಪಿ ಬೇಕಾದವರಿಗೆ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯೂ ಇದೆ. ಮಾತು ಕೈಕಾಲಿಗಿಂತ ಹೆಚ್ಚು ಕಾಲ ಸುಧಾರಿಸುತ್ತಾ ಹೋಗುತ್ತದೆ, ಆರು ತಿಂಗಳಾಯಿತು ಅಂತ ನಿಲ್ಲಿಸಬೇಡಿ.

ರಕ್ತ ಸುರಿದ ಸ್ಟ್ರೋಕ್ ಆದರೆ

ಇಲ್ಲಿ ಮೊದಲ ದಿನಗಳ ಭಯ ಜಾಸ್ತಿ. ಎಚ್ಚರದ ಮಟ್ಟ, ಸುರಿದ ರಕ್ತ 30 ಎಂಎಲ್ ದಾಟಿದೆಯಾ, ಅದು ಮೆದುಳಿನ ಕುಳಿಗಳಿಗೆ ನುಗ್ಗಿದೆಯಾ, ಮೆದುಳಿನ ಕೆಳಭಾಗದಲ್ಲಿದೆಯಾ, ವಯಸ್ಸು 80 ದಾಟಿದೆಯಾ, ಇವನ್ನು ಕೂಡಿ ಐಸಿಎಚ್ ಸ್ಕೋರ್ ಅಂತ ಮಾಡುತ್ತಾರೆ, 0 ಯಿಂದ 6. ಅಂಕ ಹೆಚ್ಚಿದೆ ಅಂತ ಮೊದಲ ರಾತ್ರಿಯೇ "ಮನೆಗೆ ಕರ್ಕೊಂಡು ಹೋಗಿ" ಅಂದರೆ, ಅಥವಾ ನಿಮಗೇ ಹಾಗೆ ಅನ್ನಿಸಿದರೆ, ದಯವಿಟ್ಟು ತಡೆಯಿರಿ. ಕೈಬಿಡುವ ತೀರ್ಮಾನವನ್ನು ಕಡೇಪಕ್ಷ ಎರಡನೇ ಪೂರ್ತಿ ದಿನದ ತನಕ ಮುಂದೂಡಬೇಕು ಅಂತ ಅಮೆರಿಕದ ಮಾರ್ಗಸೂಚಿಯೇ ಹೇಳುತ್ತದೆ. ಕಾರಣ ಸರಳ. ಉಳಿಯಲ್ಲ ಅಂದುಕೊಂಡು ಚಿಕಿತ್ಸೆ ಕಡಿಮೆ ಮಾಡಿದರೆ ಅವರು ಉಳಿಯುವುದಿಲ್ಲ, ಆಗ ಅಂದಾಜು ನಿಜವಾಯಿತು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಮೊದಲ ವಾರಗಳನ್ನು ದಾಟಿದವರು, ರಕ್ತ ಕರಗುತ್ತಾ ಹೋದ ಹಾಗೆ, ಆಶ್ಚರ್ಯ ಆಗುವಷ್ಟು ಚೇತರಿಸಿಕೊಳ್ಳುವುದುಂಟು.

ಕಟ್ಟಿಕೊಂಡು ಆದದ್ದರಲ್ಲೂ, ದೊಡ್ಡ ನಾಳ ಕಟ್ಟಿದ್ದರೆ ಎರಡರಿಂದ ಐದನೇ ದಿನದೊಳಗೆ ಮೆದುಳು ಊದಿಕೊಳ್ಳುತ್ತದೆ. ನಿನ್ನೆ ಮಾತಾಡಿದವರು ಇವತ್ತು ಮಂಪರು ಅಂದರೆ ಸುಸ್ತು ಅಂತ ಬಿಡಬೇಡಿ, ಆ ಕ್ಷಣ ನರ್ಸ್‌ಗೆ ಹೇಳಿ.

ಮೂರು ತಿಂಗಳ ಲೆಕ್ಕ

ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಸುಮಾರು 1,200 ಜನರನ್ನು ವಾರ ವಾರ ನೋಡಿದ ಅಧ್ಯಯನ 1995ರಲ್ಲಿ ಬಂತು. ನೂರಕ್ಕೆ 95 ಜನರಲ್ಲಿ ದಿನನಿತ್ಯದ ಕೆಲಸದ ಶಕ್ತಿ ಎಷ್ಟು ಬರಬೇಕೋ ಅಷ್ಟು ಹನ್ನೆರಡು ಹದಿಮೂರು ವಾರದೊಳಗೆ ಬಂದಿತ್ತು. ಸಣ್ಣ ಪೆಟ್ಟಿನವರಿಗೆ ಎಂಟು ಒಂಬತ್ತು ವಾರ, ಬಹಳ ತೀವ್ರ ಪೆಟ್ಟಿನವರಿಗೆ ಇಪ್ಪತ್ತು ವಾರ. ಅದಕ್ಕೇ ದುಡ್ಡು, ರಜೆ, ಜನ, ಯಾವುದಾದರೂ ಕಡಿಮೆ ಇದ್ದರೆ ಅದನ್ನೆಲ್ಲ ಮೊದಲ ಮೂರು ತಿಂಗಳಿಗೇ ಹಾಕಿ. ಮಗ ವಿದೇಶದಲ್ಲಿದ್ದು ಒಂದೇ ತಿಂಗಳು ಬರಬಹುದು ಅಂದರೆ ಎಂಟನೇ ತಿಂಗಳಿಗಿಂತ ಎರಡನೇ ವಾರಕ್ಕೆ ಬರಲಿ.

ಮೂರು ತಿಂಗಳ ಮೇಲೆ ಏನೂ ಆಗುವುದೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಮೆದುಳು ತಾನಾಗಿ ರಿಪೇರಿ ಆಗುವ ವೇಗ ಇಳಿಯುತ್ತದೆ, ಕಲಿಯುವುದು ನಿಲ್ಲುವುದಿಲ್ಲ. ಒಂದು ವರ್ಷದ ಮೇಲೆ ಎಡಗೈಯಲ್ಲಿ ಸಹಿ ಹಾಕಲು, ಒಂದೇ ಕೈಯಲ್ಲಿ ಪಂಚೆ ಉಡಲು ಕಲಿತವರು ಇದ್ದಾರೆ.

ಪ್ರತಿ ಭಾನುವಾರ ಹತ್ತು ನಿಮಿಷ ನೋಟ್‌ಬುಕ್ ಬಿಚ್ಚಿ, ಅದೇ ಕುರ್ಚಿ, ಅದೇ ಲೋಟ, ಅದೇ ದೂರ ಇಟ್ಟುಕೊಂಡು ಬರೆಯಿರಿ. ಹಾಲಿನಿಂದ ಬಚ್ಚಲಿಗೆ ಎಷ್ಟು ಸೆಕೆಂಡು, ಎಷ್ಟು ಜನ ಹಿಡಿದರು. ಲೋಟ ಎತ್ತಿದರಾ. ಮೊಬೈಲ್‌ನಲ್ಲಿ ಚಿಕ್ಕ ವಿಡಿಯೋ. ದಿನ ದಿನ ನೋಡುವವರಿಗೆ ಬದಲಾವಣೆ ಕಾಣುವುದಿಲ್ಲ, ವಾರ ವಾರದ್ದು ಪಕ್ಕಪಕ್ಕ ಇಟ್ಟರೆ ಕಾಣುತ್ತದೆ. ಎರಡು ಮೂರು ವಾರ ಮೇಲೇರುತ್ತಿದ್ದ ಲೆಕ್ಕ ತಟ್ಟನೆ ಇಳಿದರೆ ಸ್ಟ್ರೋಕ್ ಜಾಸ್ತಿ ಆಯಿತು ಅಂತ ತಾವೇ ತೀರ್ಮಾನಿಸದೆ ಡಾಕ್ಟರಿಗೆ ತೋರಿಸಿ. ಮೂತ್ರದ ಸೋಂಕು, ಫಿಟ್ಸ್, ಹೊಸ ಮಾತ್ರೆ, ಭುಜದ ನೋವು, ಇಂಥದ್ದೇನೋ ಇರಬಹುದು. ಮುಖ, ಮಾತು, ಕೈ ಏಕಾಏಕಿ ಕೆಟ್ಟರೆ ಮತ್ತೆ 108.

ಒಳ್ಳೆಯ ಅಂದಾಜನ್ನು ಕೆಡಿಸುವುದು ಯಾವುದು

ಸೋತ ಕೈ ಹಿಡಿದು ಎಳೆದು ಎಬ್ಬಿಸುವುದು ಮೊದಲನೆಯದು. ಭುಜದ ಕೀಲು ಜಾರುತ್ತದೆ, ನೋವು ಶುರುವಾಗುತ್ತದೆ, ವ್ಯಾಯಾಮ ನಿಲ್ಲುತ್ತದೆ. ಎಬ್ಬಿಸುವಾಗ ಬೆನ್ನು ಸೊಂಟಕ್ಕೆ ಕೈ ಕೊಡಿ.

ಮನಸ್ಸು ಕುಗ್ಗುವುದು ಎರಡನೆಯದು. ಸ್ಟ್ರೋಕ್ ಆದವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತದೆ. "ಸೋಮಾರಿ ಆಗ್ಬಿಟ್ಟಿದ್ದಾರೆ, ವ್ಯಾಯಾಮ ಅಂದ್ರೆ ಗೋಡೆ ಕಡೆ ತಿರುಗ್ತಾರೆ" ಅಂತ ಸೊಸೆ ಹೇಳಿದಾಗ ನನಗೆ ಮೊದಲು ಬರುವ ಅನುಮಾನ ಅದೇ. ಅದಕ್ಕೆ ಚಿಕಿತ್ಸೆ ಇದೆ.

ಇನ್ನೊಂದು, ಲಕ್ವಕ್ಕೆ ಪಾರಿವಾಳದ ರಕ್ತ ಹಚ್ಚುತ್ತೇವೆ ಅಂತ ಕರೆದುಕೊಂಡು ಹೋಗುವುದು. ರಕ್ತ ಹಚ್ಚಿದ್ದರಿಂದ ಮೆದುಳಿಗೆ ಏನೂ ತಲುಪುವುದಿಲ್ಲ. ಆದರೆ ಬೆಲೆಬಾಳುವ ಮೊದಲ ವಾರಗಳು ಕಾರಿನಲ್ಲಿ ಹೋಗಿ ಬರುವುದರಲ್ಲೇ ಕಳೆದುಹೋಗುತ್ತವೆ, ಕೆಲವರು ಪಥ್ಯ ಅಂತ ಬಿಪಿ ಮಾತ್ರೆಯನ್ನೇ ಬಿಡಿಸುತ್ತಾರೆ. ಮಾತ್ರೆ ಬಿಟ್ಟು ಎರಡನೇ ಸ್ಟ್ರೋಕ್ ಆದರೆ ಇದುವರೆಗೆ ಬರೆದ ನೋಟ್‌ಬುಕ್ ಮತ್ತೆ ಮೊದಲ ಪುಟದಿಂದ ಶುರು.

ಅಂದಾಜನ್ನು ಮನೆಗೆ ತರುವುದು

ಒಂಬತ್ತನೇ ಹತ್ತನೇ ದಿನದ ಹೊತ್ತಿಗೆ ನಿಮ್ಮ ಪುಟಗಳಲ್ಲಿ ಸಾಕಷ್ಟು ಇರುತ್ತದೆ. ಕೂರುತ್ತಾರೆ, ಕಾಲು ಅಲುಗುತ್ತದೆ ಅಂದರೆ ಮನೆ ಬಿಡುವ ಆತುರ ಬೇಡ. ಮೆಟ್ಟಿಲಿಗೆ ಎರಡೂ ಕಡೆ ಕಂಬಿ ಹಾಕಿಸಿ, ಕಮೋಡ್ ಕುರ್ಚಿಯನ್ನು ಕೊಳ್ಳುವ ಬದಲು ಬಾಡಿಗೆಗೆ ತನ್ನಿ, ಬಚ್ಚಲಿಗೆ ಹಿಡಿಕೆ ಹಾಕಿಸಿ. ಕೂರಲೂ ಆಗುತ್ತಿಲ್ಲ, ಕಾಲಿನಲ್ಲಿ ಏನೂ ಇಲ್ಲ ಅಂದರೆ ನೆಲಮಹಡಿ ಮನೆ, ವೀಲ್‌ಚೇರ್ ನುಗ್ಗುವಷ್ಟು ಅಗಲದ ಬಚ್ಚಲ ಬಾಗಿಲು, ಹಗಲು ರಾತ್ರಿಗೆ ಜನ, ಇವುಗಳ ಮಾತು ಈಗಲೇ ಆಡಿ. ಕೈ ಬರುವ ಸೂಚನೆ ಇದ್ದರೆ ಊಟ, ಬಾಚಣಿಗೆ, ಗುಂಡಿ ಎಲ್ಲದಕ್ಕೂ ಆ ಕೈಯನ್ನೇ ಬಳಸಲು ಬಿಡಿ, ಎಷ್ಟೇ ತಡವಾಗಲಿ. ಬರುವ ಸೂಚನೆ ಕಡಿಮೆ ಇದ್ದರೆ ಕೈ ಮಡಚಿ ಸೆಟೆದುಕೊಳ್ಳದ ಹಾಗೆ ನೋಡಿಕೊಳ್ಳುತ್ತಾ ಇನ್ನೊಂದು ಕೈಗೆ ಕೆಲಸ ಕಲಿಸಿ. ಎರಡು ದಾರಿಯಲ್ಲೂ ಮಾಡುವ ಕೆಲಸ ಇದ್ದೇ ಇದೆ.

ಈ ಅಂದಾಜನ್ನು ರೋಗಿಯ ಮುಂದೆ ಹೇಗೆ ಹೇಳುವುದು ಅಂತ ಬಹಳ ಜನ ಕೇಳುತ್ತಾರೆ. ಮಂಚದ ಪಕ್ಕ ನಿಂತು ಅವರು ಕೇಳಿಸಿಕೊಳ್ಳುತ್ತಿಲ್ಲ ಅನ್ನುವ ಹಾಗೆ ಮಾತಾಡಬೇಡಿ. ಮಾತು ಬರದವರಿಗೂ ಎಷ್ಟೋ ಅರ್ಥ ಆಗುತ್ತಿರುತ್ತದೆ. "ಅಪ್ಪಾ, ಕಾಲು ಬರುತ್ತೆ ಅಂತಿದ್ದಾರೆ, ಕೈಗೆ ಇನ್ನೂ ಸಮಯ ಬೇಕಂತೆ, ಈ ವಾರ ಕೂರೋದು ಕಲಿಯೋಣ" ಅಂದರೆ ಸಾಕು.

ತೊಂಬತ್ತನೇ ದಿನ ಡಾಕ್ಟರ್ ಹತ್ತಿರ ಹೋಗುವಾಗ ನೋಟ್‌ಬುಕ್ ಜೊತೆಗಿರಲಿ. ಅಲ್ಲಿ ಎಂಆರ್‌ಎಸ್ ಅನ್ನುವ ಅಂಕ ಕೊಡುತ್ತಾರೆ, 0 ಅಂದರೆ ಏನೂ ತೊಂದರೆ ಇಲ್ಲ, 2 ಅಂದರೆ ತಮ್ಮ ಕೆಲಸ ತಾವೇ ನೋಡಿಕೊಳ್ಳಬಲ್ಲರು, 3 ಅಂದರೆ ಸಹಾಯ ಬೇಕು ಆದರೆ ತಾವೇ ನಡೆಯುತ್ತಾರೆ, 5 ಅಂದರೆ ಹಾಸಿಗೆಯಲ್ಲೇ. ಅವರು ಕೇಳುವ ಮುಂಚೆ ಮೂರನೇ ದಿನದ ಪುಟವನ್ನೂ ಹೋದ ಭಾನುವಾರದ ಪುಟವನ್ನೂ ತೆರೆದು ಮೇಜಿನ ಮೇಲೆ ಇಡಿ, ಎರಡು ವಿಡಿಯೋ ತೋರಿಸಿ. ಮುಂದಿನ ಮೂರು ತಿಂಗಳು ಯಾವ ಕೆಲಸದ ಮೇಲೆ ಜೋರು ಹಾಕಬೇಕು ಅಂತ ಕೇಳಿ, ಹೊಸ ಪುಟದಲ್ಲಿ ಬರೆದುಕೊಂಡು ಬನ್ನಿ.